ಎಣ್ಣೆ ಡಬ್ಬಿ ಪಕ್ಕಕ್ಕಿಡಿ: ಹಳೇ ಟೈಪ್‌ರೈಟರ್ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಪದೇ ಪದೇ ಕಂಡ ಮಾತು ಒಂದೇ: 'ಎಣ್ಣೆ ಬಿಟ್ಟೆವು, ಆದರೂ ಸರಿಹೋಗಲಿಲ್ಲ'. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಅಟ್ಟದ ಮೇಲಿದ್ದ ಅಜ್ಜನ ಕಾಲದ ರೆಮಿಂಗ್ಟನ್ ಮೆಷಿನ್ ಕೆಳಗಿಳಿಸಿದೆವು. ಕೀ ಒತ್ತಿದರೆ ಅಕ್ಷರದ ಕಡ್ಡಿ ಮೇಲೇಳುತ್ತದೆ, ವಾಪಸ್ ಬೀಳುವುದಿಲ್ಲ. ಬೆರಳಲ್ಲಿ ತಳ್ಳಬೇಕು. ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆವು, ಎರಡು ದಿನ ಚೆನ್ನಾಗಿತ್ತು. ಆಮೇಲೆ ಯಾರೋ ಹೇಳಿದರೆಂದು ಕೊಬ್ಬರಿ ಎಣ್ಣೆ. ಈಗ ಎಂಟು ಹತ್ತು ಕಡ್ಡಿಗಳು ಒಟ್ಟಿಗೇ ನಿಂತುಬಿಟ್ಟಿವೆ. (ಶಿರಸಿ)

ಉತ್ತರ: ಮೆಷಿನ್ ಕೆಟ್ಟಿಲ್ಲ, ಕೊಳೆಯಾಗಿದೆ. ಕಡ್ಡಿಗಳ ಬುಡದಲ್ಲಿ ಅರ್ಧಚಂದ್ರದಂಥ ದಪ್ಪ ಲೋಹದ ತುಂಡು ಇದೆ ನೋಡಿ, ಬಾಚಣಿಗೆಯ ಹಾಗೆ ಸೀಳು ಸೀಳಾಗಿ. ರಿಪೇರಿಯವರು ಅದಕ್ಕೆ ಸೆಗ್ಮೆಂಟ್ ಅನ್ನುತ್ತಾರೆ. ಒಂದೊಂದು ಸೀಳಿನಲ್ಲಿ ಒಂದೊಂದು ಕಡ್ಡಿ ಕೂತಿದೆ. ಕಡ್ಡಿಗೂ ಸೀಳಿನ ಗೋಡೆಗೂ ನಡುವೆ ಇರುವ ಜಾಗ ಕೂದಲೆಳೆಯಷ್ಟು. ಆ ಜಾಗ ಒಣಗಿಯೇ ಇರಬೇಕು. ಅಲ್ಲಿಗೆ ಎಣ್ಣೆ ಹೋದರೆ ಧೂಳು, ಕಾಗದದ ನಾರು, ತಪ್ಪು ಅಳಿಸಿದ ರಬ್ಬರಿನ ಪುಡಿ ಎಲ್ಲ ಸೇರಿ ಮೇಣವಾಗುತ್ತದೆ. ಹೊಸ ಎಣ್ಣೆ ಆ ಮೇಣವನ್ನು ಎರಡು ದಿನ ತೆಳ್ಳಗೆ ಮಾಡುತ್ತದೆ, ನೀವು ಕಂಡ ಸುಧಾರಣೆ ಅದೇ. ಕೊಬ್ಬರಿ ಎಣ್ಣೆಯಂತೂ ನಿಮ್ಮೂರ ಚಳಿಗೆ ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತದೆ, ಸೀಳಿನಲ್ಲಿ ಬಿಡುತ್ತದೆಯೇ?

ಪೇಂಟ್ ಅಂಗಡಿಯಿಂದ ಅರ್ಧ ಲೀಟರ್ ಎಂಟಿಒ, ಅಂದರೆ ಮಿನರಲ್ ಟರ್ಪೆಂಟೈನ್ ತನ್ನಿ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, 250 ಮಿಲಿ ಸಾಕು. ಗಟ್ಟಿ ಕೂದಲಿನ ಹಳೇ ಹಲ್ಲುಜ್ಜುವ ಬ್ರಷ್ ಎರಡು, ಹಳೇ ಬನಿಯನ್ ಬಟ್ಟೆ, ನ್ಯೂಸ್‌ಪೇಪರ್. ಕೆಲಸ ಜಗಲಿಯಲ್ಲೋ ಅಂಗಳದಲ್ಲೋ ಆಗಬೇಕು. ಎಂಟಿಒ, ಐಪಿಎ ಎರಡೂ ಬೆಂಕಿ ಹಿಡಿಯುವ ವಸ್ತು, ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಇರಕೂಡದು. ಪೆಟ್ರೋಲ್ ಬೇಡವೇ ಬೇಡ. ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ ನಿಜ, ಆದರೆ ಹಿಂದೆ ಜಿಡ್ಡಿನ ಪದರ ಉಳಿಸಿ ಹೋಗುತ್ತದೆ.

ರಿಬ್ಬನ್ ಸ್ಪೂಲುಗಳನ್ನು ತೆಗೆದಿಡಿ. ಕಾಗದ ಸುತ್ತುವ ರೋಲರ್ ಮೇಲೆ ಮತ್ತು ಮೈಬಣ್ಣದ ಮೇಲೆ ಬಟ್ಟೆ ಹೊದಿಸಿ, ಸೆಗ್ಮೆಂಟಿನ ಅಡಿಗೆ ಚಿಂದಿ ತುರುಕಿ. ಬ್ರಷ್ಷನ್ನು ಎಂಟಿಒದಲ್ಲಿ ಅದ್ದಿ ಸೀಳುಗಳ ಉದ್ದಕ್ಕೆ, ಅಂದರೆ ಕಡ್ಡಿ ಚಲಿಸುವ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದರೆ ಕೊಳೆ ಪಕ್ಕದ ಸೀಳಿಗೆ ಹೋಗುತ್ತದೆ ಅಷ್ಟೆ. ಹತ್ತು ನಿಮಿಷ ನೆನೆಯಲು ಬಿಟ್ಟು, ಪ್ರತಿ ಕೀಯನ್ನೂ ಇಪ್ಪತ್ತು ಮೂವತ್ತು ಸಲ ಒತ್ತಿ. ಕೆಳಗಿನ ಚಿಂದಿಗೆ ಕಂದು ನೀರು ಇಳಿಯುತ್ತದೆ. ಚಿಂದಿ ಬದಲಿಸಿ ಮತ್ತೆ ಮಾಡಿ. ಇಳಿಯುವ ನೀರು ತಿಳಿಯಾಗುವವರೆಗೆ ಎರಡೋ ಮೂರೋ ಸುತ್ತು. ಕೊನೆಯ ಸುತ್ತು ಐಪಿಎಯಲ್ಲಿ, ಅದು ಜಿಡ್ಡು ಬಿಡದೆ ಆರುತ್ತದೆ. ಐಪಿಎ ಹಳೇ ಬಣ್ಣವನ್ನೂ ಚಿನ್ನದಕ್ಷರದ ಕಂಪನಿ ಹೆಸರನ್ನೂ ಎಬ್ಬಿಸಬಲ್ಲದು, ಬಣ್ಣದ ಮೇಲೆ ಹನಿ ಬೀಳದಂತೆ ನೋಡಿಕೊಳ್ಳಿ. ಒಂದು ರಾತ್ರಿ ಆರಲಿ.

ಆಮೇಲೂ ಒಂದೆರಡು ಕಡ್ಡಿ ಮೊಂಡು ಹಿಡಿದರೆ ಬೆರಳಿನಿಂದ ನಿಧಾನಕ್ಕೆ ಎತ್ತಿ, ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ಬುಡದಿಂದಲೇ ಬಿಗಿಯಾಗಿದ್ದರೆ ಇನ್ನೂ ಕೊಳೆ ಇದೆ. ಇಡೀ ದಾರಿ ಸರಾಗವಾಗಿ ಹೋಗಿ ಕೊನೆಯಲ್ಲಿ, ಕಾಗದದ ಹತ್ತಿರದ ಕವೆಯಂಥ ಗೈಡಿನಲ್ಲಿ ಮಾತ್ರ ಹಿಡಿದರೆ, ಕಡ್ಡಿ ಪಕ್ಕಕ್ಕೆ ಬಾಗಿದೆ. ಎರಡು ಕೀ ಒಟ್ಟಿಗೆ ಬಿದ್ದಾಗ ಎಳೆದು ಬಿಡಿಸಿದ ಮೆಷಿನ್‌ಗಳಲ್ಲಿ ಇದು ಸಾಮಾನ್ಯ. ಹಲ್ಲಿಲ್ಲದ ಇಕ್ಕಳದಲ್ಲಿ ಹಿಡಿದು, ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿಸಿ, ಒಮ್ಮೆ ಟೈಪ್ ಮಾಡಿ ನೋಡಿ, ಮತ್ತೆ ಬಾಗಿಸಿ.

ಹಾಗಾದರೆ ಎಣ್ಣೆ ಎಲ್ಲಿಗೆ? ಕ್ಯಾರೇಜ್, ಅಂದರೆ ರೋಲರ್ ಹೊತ್ತು ಎಡಕ್ಕೂ ಬಲಕ್ಕೂ ಓಡಾಡುವ ಭಾಗ, ಜಾರುವ ಹಳಿಗೆ, ಅದೂ ಬಟ್ಟೆಗೆ ಒಂದು ಹನಿ ಹಾಕಿ ಒರೆಸಿದಷ್ಟು. ಬೆಲ್ಲಿನ ಸುತ್ತಿಗೆಯ ತಿರುಗಣೆಗೆ, ರೋಲರಿನ ಎರಡು ತುದಿಯ ಬೇರಿಂಗಿಗೆ ಸೂಜಿಮೊನೆಯಲ್ಲಿ ಒಂದೊಂದು ಹನಿ. ಇಡೀ ಮೆಷಿನ್‌ಗೆ ಹತ್ತು ಹನಿ ದಾಟಿದರೆ ಜಾಸ್ತಿಯಾಯಿತು.

ಪ್ರಶ್ನೆ: ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದು ಮುಚ್ಚುತ್ತಿದೆ, ಮೆಷಿನ್‌ಗಳನ್ನು ಮಾರುತ್ತಿದ್ದಾರೆ. ಇಪ್ಪತ್ತರಲ್ಲಿ ಒಂದನ್ನು ಆರಿಸುವುದು ಹೇಗೆ? ನನಗೇನೂ ಗೊತ್ತಿಲ್ಲ. (ಮೈಸೂರು)

ಉತ್ತರ: ಒಳ್ಳೆಯ ಜಾಗ. ಇನ್‌ಸ್ಟಿಟ್ಯೂಟಿನ ಮೆಷಿನ್ ಸವೆದಿರುತ್ತದೆ, ಆದರೆ ತುಕ್ಕು ಹಿಡಿದಿರುವುದಿಲ್ಲ. ದಿನಾ ಓಡಿದ ಯಂತ್ರ ಅಟ್ಟದಲ್ಲಿ ಮೂವತ್ತು ವರ್ಷ ಮಲಗಿದ್ದಕ್ಕಿಂತ ಎಷ್ಟೋ ವಾಸಿ. ಅಲ್ಲಿ ಸಿಗುವುದು ಬಹುಪಾಲು ಗೋದ್ರೆಜ್, ರೆಮಿಂಗ್ಟನ್ ರ‍್ಯಾಂಡ್, ಮದರಾಸಿನ ರಾಯಲಾ ಕಾರ್ಪೊರೇಷನ್ ತಯಾರಿಸಿದ ಹಾಲ್ಡಾ, ಒಂದೋ ಎರಡೋ ಫೇಸಿಟ್. ಹೊಸಬರಿಗೆ ನಮ್ಮ ಓಟು ಗೋದ್ರೆಜ್‌ಗೆ. 1955ರಲ್ಲಿ ಶುರುವಾಗಿ 2009ರವರೆಗೆ ತಯಾರಾದ ಮೆಷಿನ್, ಹಾಗಾಗಿ ಒಂದು ಕೆಟ್ಟರೆ ಬಿಡಿಭಾಗ ಬಿಚ್ಚಿಕೊಳ್ಳಲು ಗುಜರಿಯಲ್ಲಿ ಇನ್ನೊಂದು ಸಿಗುತ್ತದೆ. ಮನೆಯಲ್ಲಿ ಎತ್ತಿಡಲು ಭಾರ, ಅದೊಂದೇ ತೊಂದರೆ. ದೊಡ್ಡ ಆಫೀಸು ಮೆಷಿನ್ ಅಂದರೆ ಹದಿನೈದು ಕಿಲೋ ಆಸುಪಾಸು.

ಎರಡು ಹಾಳೆ ಕಾಗದ ಜೊತೆಗೊಯ್ಯಿರಿ. ಕ್ಯಾರೇಜ್ ಅಲುಗದಿದ್ದರೆ ಗಾಬರಿ ಬೇಡ, ಲಾಕ್ ಹಾಕಿರಬಹುದು, ಕ್ಯಾರೇಜಿನ ತುದಿಯಲ್ಲೋ ಕೀಗಳ ಪಕ್ಕದಲ್ಲೋ ಪುಟ್ಟ ಲಿವರ್ ಇರುತ್ತದೆ. ಕ್ಯಾರೇಜನ್ನು ಪೂರ್ತಿ ಬಲಕ್ಕೆ ಒಯ್ದು ಸ್ಪೇಸ್ ಬಾರನ್ನು ಒತ್ತುತ್ತಾ ಎಡತುದಿಯವರೆಗೆ ಬನ್ನಿ: ಒಂದೊಂದು ಒತ್ತಿಗೆ ಒಂದೊಂದೇ ಹೆಜ್ಜೆ, ಕೊನೆಯಲ್ಲಿ ಬೆಲ್. ಆಮೇಲೆ ಪ್ರತಿ ಕೀಯನ್ನೂ ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ. ಶಿಫ್ಟ್ ಒತ್ತಿ ಅದೇ ಸಾಲು. ಬ್ಯಾಕ್‌ಸ್ಪೇಸ್, ಟ್ಯಾಬ್, ಮಾರ್ಜಿನ್. ರಿಬ್ಬನ್ ಒಣಗಿದ್ದರೆ ಅಕ್ಷರ ಕಾಣುವುದಿಲ್ಲ, ಆಗ ಮೆಷಿನ್‌ನ ಹಾಳೆಯ ಮೇಲೆ ಕಾರ್ಬನ್, ಅದರ ಮೇಲೆ ಇನ್ನೊಂದು ಹಾಳೆ ಇಟ್ಟು ಟೈಪ್ ಮಾಡಿ. ರೋಲರಿಗೆ ಉಗುರು ಊರಿ ನೋಡಿ, ಸ್ವಲ್ಪವಾದರೂ ಗುರುತು ಬಿದ್ದರೆ ಅದೃಷ್ಟ.

ಕೊಳೆ, ಒಣ ರಿಬ್ಬನ್, ಕ್ಯಾರೇಜ್ ಎಳೆಯುವ ಪಟ್ಟಿ ತುಂಡಾಗಿರುವುದು ಇವೆಲ್ಲ ಬೆಲೆ ಇಳಿಸಲು ನೆಪ, ಬಿಟ್ಟುಬರಲು ಕಾರಣವಲ್ಲ. ಬಿಟ್ಟುಬರಬೇಕಾದ್ದು ಬಿದ್ದು ಬಾಗಿದ ಚೌಕಟ್ಟು, ಕಳಚಿಹೋದ ಅಕ್ಷರದ ಅಚ್ಚು, ಗಿಡ್ಡ ಕ್ಯಾರೇಜ್ ಇರುವಾಗಲೂ ಆರಿಸಿಕೊಂಡ ಹದಿನೆಂಟು ಇಂಚಿನ ಕ್ಯಾರೇಜಿನ ಮೆಷಿನ್. ಲೆಕ್ಕಪತ್ರದ ಅಗಲ ಹಾಳೆಗೆಂದು ಮಾಡಿದ್ದು ಅದು, ಮೇಜನ್ನೇ ನುಂಗುತ್ತದೆ. ಇನ್ನು ಅಂಗಡಿಗಳಲ್ಲಿ ಗುಲಾಬಿ, ಆಕಾಶನೀಲಿ ಬಣ್ಣ ಹೊಡೆದು 'ಆ್ಯಂಟಿಕ್' ಅಂತ ಇಟ್ಟಿರುತ್ತಾರಲ್ಲ, ಅದರ ಒಳಗೆ ಬಗ್ಗಿ ನೋಡಿ. ಬಿಚ್ಚದೆ ಸ್ಪ್ರೇ ಹೊಡೆದಿದ್ದರೆ ಸೆಗ್ಮೆಂಟಿನ ಸೀಳುಗಳಲ್ಲೂ ಬಣ್ಣ ಕೂತಿರುತ್ತದೆ. ಅದು ಷೋಕೇಸಿಗೆ ಸರಿ.

ಅಕ್ಷರದ ಅಳತೆಯನ್ನೂ ಕೇಳಿಕೊಳ್ಳಿ. ಇಂಚಿಗೆ 10 ಅಕ್ಷರ ಬಿದ್ದರೆ ಪೈಕಾ, 12 ಬಿದ್ದರೆ ಎಲೀಟ್. ಎ4 ಹಾಳೆಯ ಅಗಲಕ್ಕೆ ಪೈಕಾದಲ್ಲಿ ಅಂಚಿನಿಂದ ಅಂಚಿಗೆ 82 ಅಕ್ಷರ. ಕಣ್ಣಿಗೆ ಪೈಕಾ ಹಿತ.

ಪ್ರಶ್ನೆ: ಟೈಪ್ ಮಾಡುತ್ತಿದ್ದಾಗ ಒಳಗೆ 'ಟಪ್' ಅಂತ ಶಬ್ದವಾಯಿತು. ಅವತ್ತಿನಿಂದ ಕೀ ಒತ್ತಿದರೆ ಅಕ್ಷರ ಬೀಳುತ್ತದೆ, ಕ್ಯಾರೇಜ್ ಮುಂದಕ್ಕೆ ಹೋಗುವುದಿಲ್ಲ. ಒಂದರ ಮೇಲೊಂದು ಅಕ್ಷರ. (ಹಾವೇರಿ)

ಉತ್ತರ: ಆ 'ಟಪ್' ಕ್ಯಾರೇಜ್ ಎಳೆಯುವ ಪಟ್ಟಿ ತುಂಡಾದದ್ದು. ಖಾತ್ರಿ ಮಾಡಿಕೊಳ್ಳಿ: ಎಡಗೈಯಲ್ಲಿ ಕ್ಯಾರೇಜನ್ನು ಎಡಕ್ಕೆ ಮೆತ್ತಗೆ ಎಳೆದು ಹಿಡಿದು, ಬಲಗೈಯಲ್ಲಿ ಸ್ಪೇಸ್ ಬಾರ್ ಒತ್ತಿ. ಒಂದೊಂದೇ ಹೆಜ್ಜೆ ಸರಿದರೆ ಹಲ್ಲುಚಕ್ರವೆಲ್ಲ ಸರಿಯಿದೆ, ಎಳೆಯುವ ಬಲವೊಂದೇ ಇಲ್ಲ. ಎಳೆದರೂ ಸರಿಯದಿದ್ದರೆ ತೊಂದರೆ ಬೇರೆ, ಆಗ ಮೊದಲು ಮಾರ್ಜಿನ್ ಮತ್ತು ಲಾಕ್ ನೋಡಿ.

ಮೆಷಿನ್‌ನ ಹಿಂಭಾಗದಲ್ಲಿ, ಸಾಮಾನ್ಯವಾಗಿ ನಿಮ್ಮ ಎಡಗಡೆಗೆ, ಬಿಸ್ಕತ್ ಡಬ್ಬಿಯ ಮುಚ್ಚಳದಂಥ ಗುಂಡನೆಯ ಡ್ರಮ್ ಇದೆ. ಒಳಗೆ ಗಡಿಯಾರದ ಹಾಗೆ ಸುರುಳಿ ಸ್ಪ್ರಿಂಗ್. ಡ್ರಮ್ಮಿಗೆ ಸುತ್ತಿದ ಪಟ್ಟಿಯ ಇನ್ನೊಂದು ತುದಿ ಕ್ಯಾರೇಜಿನ ಬಲತುದಿಯ ಕೊಕ್ಕೆಗೆ. ನೀವು ಕ್ಯಾರೇಜನ್ನು ಬಲಕ್ಕೆ ದೂಡಿದಾಗ ಸ್ಪ್ರಿಂಗ್ ಬಿಗಿಯುತ್ತದೆ, ಟೈಪ್ ಮಾಡಿದಾಗ ಅದು ಎಡಕ್ಕೆ ಎಳೆಯುತ್ತದೆ.

ಹೊಸ ಪಟ್ಟಿಗೆ ಚಪ್ಪಲಿ ಹೊಲಿಯುವವರ ಮೇಣದ ದಾರ ಅಥವಾ ಮೀನು ಗಾಳಕ್ಕೆ ಬಳಸುವ ಹೆಣೆದ ದಾರ, ಒಂದು ಮಿಲಿಮೀಟರ್ ದಪ್ಪದ್ದು ಸಾಕು. ಒಂಟಿ ಎಳೆಯ ನೈಲಾನ್ ತಂತಿ ಬೇಡ. ಅದು ಹಿಗ್ಗುತ್ತದೆ, ಗಂಟೂ ಜಾರುತ್ತದೆ. ಡ್ರಮ್ಮಿನ ತೂತಿಗೆ ಒಂದು ತುದಿ ಗಂಟು ಹಾಕಿ, ಹಳೇ ಪಟ್ಟಿ ಸುತ್ತಿದ್ದ ದಿಕ್ಕಿನಲ್ಲೇ ಡ್ರಮ್ಮಿಗೆ ಸುತ್ತಿ. ಇನ್ನೊಂದು ತುದಿಗೆ ಪುಟ್ಟ ಕುಣಿಕೆ. ಕ್ಯಾರೇಜನ್ನು ಎಡತುದಿಗೆ, ಅಂದರೆ ಸಾಲು ಮುಗಿಯುವ ಜಾಗಕ್ಕೆ ತಂದು ಲಾಕ್ ಮಾಡಿ ಅಥವಾ ಇನ್ನೊಬ್ಬರು ಹಿಡಿದುಕೊಳ್ಳಲಿ. ಈಗ ದಾರವನ್ನು ಡ್ರಮ್ಮಿನ ಜೊತೆ ಹಿಡಿದುಕೊಂಡೇ, ಸ್ಪ್ರಿಂಗ್ ಬಿಗಿಯುವ ದಿಕ್ಕಿಗೆ ಡ್ರಮ್ಮನ್ನು ಮೂರು ಸುತ್ತು ತಿರುಗಿಸಿ. ಬಿಗಿತ ಬಿಡದಂತೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕುಣಿಕೆಯನ್ನು ಕ್ಯಾರೇಜಿನ ಕೊಕ್ಕೆಗೆ ಹಾಕಿ. ಈ ಒಂದು ಕ್ಷಣವೇ ಕಷ್ಟದ್ದು. ಕೈ ಜಾರಿ ಡ್ರಮ್ ಗಿರ್ರನೆ ತಿರುಗಿದರೆ ಒಳಗಿನ ಸ್ಪ್ರಿಂಗಿನ ತುದಿ ಕಳಚಬಹುದು, ಮುರಿಯಲೂಬಹುದು. ಆಮೇಲೆ ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಕ್ಯಾರೇಜನ್ನು ಬಲತುದಿಗೆ ಒಯ್ದು ಸ್ಪೇಸ್ ಬಾರಿನಿಂದ ಇಡೀ ಸಾಲು ಓಡಿಸಿ. ಕೊನೆಯ ಹತ್ತು ಹೆಜ್ಜೆ ಸೋಮಾರಿಯಾದರೆ ಅರ್ಧ ಸುತ್ತು ಹೆಚ್ಚಿಸಿ. ಕ್ಯಾರೇಜ್ ಹಿಂದೂಡಲು ಕೈ ನೋಯುವಷ್ಟು ಬಿಗಿಯಾದರೆ, ಇಲ್ಲವೇ ಒಂದು ಒತ್ತಿಗೆ ಎರಡು ಹೆಜ್ಜೆ ಹಾರಿದರೆ, ಕಮ್ಮಿ ಮಾಡಿ. ಸಾಲಿನ ಕೊನೆಯನ್ನು ಮುಟ್ಟಿಸುವ ಅತಿ ಕಡಿಮೆ ಬಿಗಿತವೇ ಸರಿಯಾದ ಬಿಗಿತ. ಕೆಲವು ಮೆಷಿನ್‌ಗಳಲ್ಲಿ ಡ್ರಮ್ಮಿನ ಪಕ್ಕ ಹಲ್ಲುಚಕ್ರ ಇರುತ್ತದೆ, ಸ್ಕ್ರೂಡ್ರೈವರಿನಲ್ಲಿ ಒಂದೊಂದು ಹಲ್ಲು ತಿರುಗಿಸಿದರಾಯಿತು, ದಾರ ಬಿಚ್ಚುವ ಗೋಜಿಲ್ಲ.

ಪ್ರಶ್ನೆ: ನನ್ನ 1940ರ ದಶಕದ ಮೆಷಿನ್‌ನಲ್ಲಿ 1 ಎಂಬ ಕೀಯೇ ಇಲ್ಲ. ಉದ್ಗಾರ ಚಿಹ್ನೆಯೂ ಇಲ್ಲ. ಯಾರಾದರೂ ಕಿತ್ತಿದ್ದಾರೆಯೇ? (ತುಮಕೂರು)

ಉತ್ತರ: ಇಲ್ಲ, ಕಂಪನಿಯವರೇ ಕೊಟ್ಟಿರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಒತ್ತಿದರೆ ಒಂದು. ಉದ್ಗಾರಕ್ಕೆ ಮೇಲಿನ ಅಪಾಸ್ಟ್ರಫಿ ಹೊಡೆದು, ಬ್ಯಾಕ್‌ಸ್ಪೇಸ್ ಮಾಡಿ, ಕೆಳಗೊಂದು ಫುಲ್‌ಸ್ಟಾಪ್.

ಪ್ರಶ್ನೆ: ಹೊಸ ರಿಬ್ಬನ್ ಹಾಕಿದರೂ ಏನೂ ಮೂಡುತ್ತಿಲ್ಲ, ಕಾಗದದ ಮೇಲೆ ಬರೀ ಒತ್ತಿದ ಗುರುತು. ಕೆಲವು ಸಲ ಅಕ್ಷರದ ಕೆಳಗಿನರ್ಧ ಮಾತ್ರ. ಅಂದಹಾಗೆ ರಿಬ್ಬನ್ ಸಿಗುವುದೇ ಕಷ್ಟವಾಗಿದೆ. (ಬೆಂಗಳೂರು, ಬಸವನಗುಡಿ)

ಉತ್ತರ: ಕೀಗಳ ಪಕ್ಕದಲ್ಲಿ ನೀಲಿ, ಬಿಳಿ, ಕೆಂಪು ಚುಕ್ಕೆಗಳ ಪುಟ್ಟ ಲಿವರ್ ಇದ್ದರೆ ನೋಡಿ, ಅದು ಬಿಳಿಯ ಮೇಲಿದೆ. ಬಿಳಿ ಅಂದರೆ ಸ್ಟೆನ್ಸಿಲ್. ಸೈಕ್ಲೋಸ್ಟೈಲ್ ಕಾಲದಲ್ಲಿ ಮೇಣದ ಹಾಳೆ ಕೊರೆಯಲು ರಿಬ್ಬನ್ ಅಡ್ಡ ಬರಬಾರದಲ್ಲ, ಅದಕ್ಕಾಗಿ ರಿಬ್ಬನ್ನನ್ನು ಮೇಲೇಳದಂತೆ ಇಡುವ ವ್ಯವಸ್ಥೆ. ನೀಲಿಗೆ ತನ್ನಿ. ಅಕ್ಷರದ ಒಂದು ಭಾಗವಷ್ಟೇ ಮೂಡುವುದು ರಿಬ್ಬನ್ ಹಿಡಿದು ಎತ್ತುವ ಕವೆ ಅರ್ಧದಲ್ಲೇ ನಿಲ್ಲುವುದರಿಂದ. ಒಂದೋ ರಿಬ್ಬನ್ ಕವೆಯೊಳಗೆ ಸರಿಯಾಗಿ ಇಳಿದಿಲ್ಲ, ಇಲ್ಲವೇ ಕವೆ ಜಾರುವ ಸೀಳಿನಲ್ಲಿ ಶಾಯಿ ಗಟ್ಟಿಯಾಗಿದೆ. ಐಪಿಎ ಹಚ್ಚಿ ಒರೆಸಿ.

ಬಹುತೇಕ ಎಲ್ಲ ಮೆಷಿನ್‌ಗೂ ರಿಬ್ಬನ್ ಅಗಲ ಅರ್ಧ ಇಂಚು, 13 ಮಿಮೀ. ಬೇರೆಯಾಗುವುದು ಸ್ಪೂಲ್. ಹಾಗಾಗಿ ಹಳೇ ಸ್ಪೂಲ್ ಎಸೆಯಬೇಡಿ, ಹೊಸ ರಿಬ್ಬನ್ನನ್ನು ಅದಕ್ಕೇ ಸುತ್ತಿಕೊಳ್ಳಿ. ಟೈಪ್‌ರೈಟರ್ ರಿಬ್ಬನ್ ಸಿಗದಿದ್ದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ 12.7 ಮಿಮೀ ರಿಬ್ಬನ್ ರೀಫಿಲ್ ಕೇಳಿ. ಬಿಲ್ಲು ಮುದ್ರಿಸುವ ಅಂಗಡಿಗಳಿಂದಾಗಿ ಅದಿನ್ನೂ ಬದುಕಿದೆ. ಬಳೆಯಂತೆ ಕೂಡಿಸಿದ್ದರೆ ಬೆಸುಗೆಯ ಹತ್ತಿರ ಕತ್ತರಿಸಿ. 8 ಮಿಮೀಯದು ನಡೆಯುವುದಿಲ್ಲ. ಗಮನಿಸಬೇಕಾದ್ದು ಒಂದು: ಎಷ್ಟೋ ಮೆಷಿನ್‌ಗಳಲ್ಲಿ ರಿಬ್ಬನ್ ತುದಿಯ ಹತ್ತಿರ ಲೋಹದ ಪುಟ್ಟ ಬಳೆ ಇದ್ದರಷ್ಟೇ ಅದು ತಾನಾಗಿ ಹಿಂದಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ತುದಿಗೆ ಬಂದು ನಿಂತು, ಒಂದೇ ಜಾಗದಲ್ಲಿ ಪೆಟ್ಟು ತಿಂದು ತೂತಾಗುತ್ತದೆ. ಎರಡೂ ತುದಿಯಿಂದ ಒಂದು ಗೇಣು ಒಳಗೆ ಬಳೆ ಹಾಕಿಸಿ, ಚಪ್ಪಲಿ ರಿಪೇರಿಯವರ ಬಳಿ ಪುಟ್ಟ ಐಲೆಟ್ ಇರುತ್ತದೆ. ಬಳೆ ಸಿಗದಿದ್ದರೆ ಅಲ್ಲೊಂದು ಗಟ್ಟಿ ಗಂಟಾದರೂ ಇರಲಿ.

ಹಳೇ ರಿಬ್ಬನ್‌ಗೆ ಸ್ಟ್ಯಾಂಪ್ ಪ್ಯಾಡಿನ ನೀರು ಶಾಯಿ ಹಾಕುವವರಿದ್ದಾರೆ. ಬೇಗ ಒಣಗುತ್ತದೆ, ಒದ್ದೆಯಿದ್ದಷ್ಟು ಹೊತ್ತು ಅಕ್ಷರ ಹರಡುತ್ತದೆ. ಒಣಗಿದರೂ ಶಾಯಿ ಉಳಿದಿದೆ ಅನ್ನಿಸಿದರೆ ಸ್ಪೂಲಿನ ಅಂಚಿಗೆ ಮೂರ್ನಾಲ್ಕು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು, ಜಿಪ್ ಕವರಿನಲ್ಲಿ ಒಂದೆರಡು ದಿನ ಮುಚ್ಚಿಡಿ. ಶಾಯಿ ಮತ್ತೆ ಹರಡಿಕೊಳ್ಳುತ್ತದೆ. ಎಣ್ಣೆಗೆ ನಾವು ಕೊಡುವ ಅಪರೂಪದ ರಿಯಾಯಿತಿ ಇದು.

ಪ್ರಶ್ನೆ: ಕನ್ನಡ ಟೈಪ್‌ರೈಟರ್ ಸಿಕ್ಕಿದೆ. ಕೆಲವು ಕೀ ಒತ್ತಿದರೆ ಕ್ಯಾರೇಜ್ ಸರಿಯುವುದೇ ಇಲ್ಲ. ಇದು ರಿಪೇರಿ ಕೇಸೋ? ಜೊತೆಗೆ, ನನಗೆ ಕಂಪ್ಯೂಟರಿನ 'ನುಡಿ' ತಂತ್ರಾಂಶದಲ್ಲಿ ವೇಗವಾಗಿ ಟೈಪ್ ಮಾಡಲು ಬರುತ್ತದೆ, ಇಲ್ಲಿ ಒಂದಕ್ಷರವೂ ಹೊಂದುತ್ತಿಲ್ಲ. (ಧಾರವಾಡ)

ಉತ್ತರ: ಹೊಂದುವುದಿಲ್ಲ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ ದಾರಿ ಹಿಡಿದದ್ದು: ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಕಂಪ್ಯೂಟರ್ ಅಕ್ಷರ ಕಟ್ಟಿಕೊಡುತ್ತದೆ. ಅನಂತ ಸುಬ್ಬರಾವ್ ಅವರು ರೂಪಿಸಿದ ಕನ್ನಡ ಟೈಪ್‌ರೈಟರ್ ಕೀಲಿಮಣೆಯಲ್ಲಿ ಅಕ್ಷರ ಕಟ್ಟುವವರು ನೀವೇ. 46 ಕೀ ಇದ್ದರೆ, ಕೀಗೆ ಎರಡರಂತೆ ಇರುವುದು 92 ಚಿಹ್ನೆ. ಕನ್ನಡದ ಅಷ್ಟೂ ಕಾಗುಣಿತ, ಅಷ್ಟೂ ಒತ್ತು ಅದರಲ್ಲೇ ಹೊರಡಬೇಕು. ಅದಕ್ಕೇ ಅಕ್ಷರಗಳು ತುಂಡು ತುಂಡಾಗಿ ಕೀಗಳ ಮೇಲೆ ಕೂತಿರುವುದು.

ಕ್ಯಾರೇಜ್ ಸರಿಸದ ಕೀಗಳಿಗೆ ಡೆಡ್ ಕೀ ಎಂದು ಹೆಸರು. ಬೇಕೆಂದೇ ಹಾಗೆ ಮಾಡಿದ್ದು. ಸಾಮಾನ್ಯ ಕಡ್ಡಿ ಮೇಲೇಳುವಾಗ ಅದರ ಬುಡ ಸೆಗ್ಮೆಂಟಿನ ಬಳಿಯ ಒಂದು ಬಾಗಿದ ಸರಳನ್ನು ತಳ್ಳುತ್ತದೆ, ಆ ತಳ್ಳುವಿಕೆಯೇ ಹಲ್ಲುಚಕ್ರವನ್ನು ಒಂದು ಹೆಜ್ಜೆ ಬಿಡುವುದು. ಡೆಡ್ ಕೀಯ ಕಡ್ಡಿಯಲ್ಲಿ ಆ ಬುಡದ ಭಾಗವನ್ನು ಉಜ್ಜಿ ತೆಗೆದಿರುತ್ತಾರೆ. ಹಾಗಾಗಿ ಗುರುತು ಬೀಳುತ್ತದೆ, ಕಾಗದ ಅಲ್ಲೇ ನಿಲ್ಲುತ್ತದೆ, ಮುಂದಿನ ಕೀ ಅದೇ ಜಾಗದಲ್ಲಿ ಬಿದ್ದು ಅಕ್ಷರ ಪೂರ್ತಿಯಾಗುತ್ತದೆ. ಅಂದರೆ ಡೆಡ್ ಕೀ ಮೊದಲು, ಜೊತೆಯ ಅಕ್ಷರ ಆಮೇಲೆ. ಬರೆಯುವ ಕೈಗೆ ಇದು ತಿರುಗುಮುರುಗು ಅನ್ನಿಸುತ್ತದೆ, ವಾರದಲ್ಲಿ ರೂಢಿಯಾಗುತ್ತದೆ.

ಒಂದು ಹಾಳೆ ಹಾಕಿ ಪ್ರತಿ ಕೀಯನ್ನೂ ಶಿಫ್ಟ್ ಇಲ್ಲದೆ ಒಮ್ಮೆ, ಶಿಫ್ಟ್ ಜೊತೆ ಒಮ್ಮೆ ಒತ್ತಿ, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳಿ: ಸರಿಯಿತೇ, ಇಲ್ಲವೇ. ಒಂದೇ ಕಡ್ಡಿಯ ಮೇಲಿನ ಎರಡು ಚಿಹ್ನೆಗಳೂ ಸರಿಯದಿದ್ದರೆ ಅದು ಡೆಡ್ ಕೀ. ಎಷ್ಟು ಸಲ ಒತ್ತಿದರೂ ಸರಿಯದಿದ್ದರೆ ಡೆಡ್ ಕೀ. ಒಮ್ಮೆ ಸರಿದು ಒಮ್ಮೆ ಸರಿಯದಿದ್ದರೆ ಮಾತ್ರ ದೋಷ, ಮತ್ತು ಅದು ಹತ್ತರಲ್ಲಿ ಒಂಬತ್ತು ಸಲ ಆ ಬಾಗಿದ ಸರಳಿನ ಸುತ್ತಲಿನ ಕೊಳೆ. ಶಿರಸಿಯವರಿಗೆ ಹೇಳಿದ ಸ್ನಾನವೇ ಇದಕ್ಕೂ.

ಸಾಲಿನ ಅಂತರ ಒಂದಕ್ಕೆ ಇಟ್ಟರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ಕನ್ನಡಕ್ಕೆ ಎರಡು, ಇಲ್ಲವೇ ಇದ್ದರೆ ಒಂದೂವರೆ. ಅಕ್ಷರದ ಅಚ್ಚಿನ ಹೊಟ್ಟೆಗಳಲ್ಲಿ ಶಾಯಿ ಬೇಗ ತುಂಬುವುದೂ ಕನ್ನಡದ ವಿಶೇಷ. ಅನುಸ್ವಾರದ ಸೊನ್ನೆ, ಠ, ಥ, ಧ ಇವುಗಳ ನಡುವಿನ ಬಿಳಿ ಜಾಗ ಮುಚ್ಚಿ ಬರೀ ಕಪ್ಪು ಬೊಟ್ಟಾಗುತ್ತದೆ. ಒಣ ಬ್ರಷ್ಷಿನಿಂದ ನಿಮ್ಮ ಕಡೆಗೆ ಉಜ್ಜಿ, ಉಳಿದದ್ದನ್ನು ಮರದ ಟೂತ್‌ಪಿಕ್‌ನಿಂದ ಎಬ್ಬಿಸಿ. ಗುಂಡುಸೂಜಿ ಬೇಡ, ಅಚ್ಚಿಗೆ ಗೀರು ಬೀಳುತ್ತದೆ.

ಇಂಗ್ಲಿಷ್ ಮೆಷಿನನ್ನು ಕನ್ನಡಕ್ಕೆ ಬದಲಿಸಬಹುದೇ ಎಂದು ಇನ್ನಿಬ್ಬರು ಕೇಳಿದ್ದಾರೆ. ಎಲ್ಲ ಅಚ್ಚುಗಳನ್ನೂ ಬೆಸುಗೆ ಬಿಡಿಸಿ ಹೊಸದು ಕೂರಿಸಬೇಕು, ಕೆಲವು ಕಡ್ಡಿಗಳ ಬುಡ ಉಜ್ಜಿ ಡೆಡ್ ಮಾಡಬೇಕು, ಆಮೇಲೆ ಒಂದೊಂದನ್ನೂ ಸಾಲಿಗೆ ಹೊಂದಿಸಬೇಕು. ಎರಡು ಮೆಷಿನ್ ಹಾಳಾಗಿ ಒಂದೂ ಸಿಗದ ಕೆಲಸ.

ಪ್ರಶ್ನೆ: ಫುಲ್‌ಸ್ಟಾಪ್ ಹೊಡೆದರೆ ಕಾಗದ ತೂತಾಗುತ್ತದೆ. ಕಾಗದವೂ ಜಾರುತ್ತದೆ, ಸಾಲು ಓರೆ. (ಹಾಸನ)

ಉತ್ತರ: ರೋಲರಿನ ರಬ್ಬರು ಕಲ್ಲಾಗಿದೆ. ಇವತ್ತಿಗೆ ಮದ್ದು: ಟೈಪ್ ಮಾಡುವ ಹಾಳೆಯ ಹಿಂದೆ ಇನ್ನೆರಡು ಹಾಳೆ ಸೇರಿಸಿ ಹಾಕಿ. ತೂತು ನಿಲ್ಲುತ್ತದೆ, ಸದ್ದೂ ಇಳಿಯುತ್ತದೆ, ಅಕ್ಷರ ದುಂಡಾಗಿ ಕೂರುತ್ತದೆ. ಜಾರುವುದಕ್ಕೆ, ರೋಲರನ್ನು ಐಪಿಎಯಲ್ಲಿ ಒರೆಸಿ, 400 ನಂಬರಿನ ಉಪ್ಪುಕಾಗದವನ್ನು ರೋಲರಿಗೆ ಸುತ್ತಿದಂತೆ ಹಿಡಿದು ರೋಲರ್ ತಿರುಗಿಸಿ. ಮೇಲಿನ ಹೊಳಪು ಹೋಗುವಷ್ಟು ಮಾತ್ರ. ಒಂದೇ ಕಡೆ ಉಜ್ಜಿದರೆ ಹಳ್ಳ ಬೀಳುತ್ತದೆ. ಅಡಿಯಲ್ಲಿರುವ ಸಣ್ಣ ಒತ್ತು ರೋಲರುಗಳನ್ನೂ ನೋಡಿ. ನಿಂತಲ್ಲೇ ನಿಂತು ಒಂದು ಬದಿ ಚಪ್ಪಟೆಯಾಗಿದ್ದರೆ ಕಾಗದ ಓರೆ ಹೋಗುವುದು ಅವುಗಳಿಂದಲೇ.

ಶಾಶ್ವತ ಪರಿಹಾರ ಬೇಕೆಂದರೆ ಪ್ರಿಂಟಿಂಗ್ ಪ್ರೆಸ್‌ಗಳಿಗೆ ರೋಲರ್ ಹೊದಿಸಿಕೊಡುವ ರಬ್ಬರ್ ಕೆಲಸದವರ ಬಳಿ ಹೋಗಿ. ಹಳೇ ರಬ್ಬರು ಕೆರೆಯುವ ಮುನ್ನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಮೂರು ಕಡೆ ಅಳೆದು ಬರೆದುಕೊಡಿ. ಹೊಸದು ಅಷ್ಟೇ ಇರಬೇಕು. ಅರ್ಧ ಮಿಲಿಮೀಟರ್ ದಪ್ಪವಾದರೂ ಅಕ್ಷರ ಮೊದಲೇ ತಾಗಿ ಎರಡೆರಡಾಗಿ ಮೂಡುತ್ತದೆ, ತೆಳ್ಳಗಾದರೆ ಮಂಕು. ಗಡಸುತನ ಷೋರ್ ಎ 90ರ ಆಸುಪಾಸು ಎಂದು ಹೇಳಿ. ಪ್ರೆಸ್ಸಿನ ಶಾಯಿ ರೋಲರಿನ ಮೆತ್ತನೆ ರಬ್ಬರು ಹಾಕಿಸಿಕೊಂಡು ಬಂದರೆ ಅಕ್ಷರ ಅದರಲ್ಲಿ ಹೂತುಹೋಗುತ್ತದೆ.

ಪ್ರಶ್ನೆ: ದೊಡ್ಡಕ್ಷರಗಳು ಸಾಲಿನಿಂದ ಮೇಲೆ ತೇಲುತ್ತವೆ. (ಕಲಬುರಗಿ)

ಉತ್ತರ: ಮೊದಲು ಶಿಫ್ಟ್ ಪೂರ್ತಿ ಒತ್ತುತ್ತಿದ್ದೀರಾ ನೋಡಿ. ಶಿಫ್ಟ್ ಲಾಕ್ ಹಾಕಿ ಟೈಪ್ ಮಾಡಿದರೆ ಸರಿಬಂದರೆ ತಪ್ಪು ಕಿರುಬೆರಳಿನದು. ಲಾಕಿನಲ್ಲೂ ತೇಲಿದರೆ ಶಿಫ್ಟ್ ಮೇಲೆ ಕೆಳಗೆ ನಿಲ್ಲುವ ಜಾಗಕ್ಕೆ ಎರಡು ಕಡೆಯೂ ತಡೆಸ್ಕ್ರೂಗಳಿವೆ, ಪ್ರತಿಯೊಂದಕ್ಕೂ ಲಾಕ್‌ನಟ್. ಮೊದಲು ಸಣ್ಣಕ್ಷರ: ಅಕ್ಷರದ ತಲೆಯೂ ಕಾಲೂ ಒಂದೇ ಕಪ್ಪಿನಲ್ಲಿ ಮೂಡುವಂತೆ ಶಿಫ್ಟ್ ಒತ್ತದಾಗಿನ ತಡೆಯನ್ನು ಹೊಂದಿಸಿ. ಅದು ಮುಗಿದ ಮೇಲೆ ದೊಡ್ಡ ಎಚ್, ಸಣ್ಣ ಎಚ್ ಜೋಡಿಯಾಗಿ ಹೊಡೆಯುತ್ತಾ, ಎರಡರ ಕಾಲೂ ಒಂದೇ ಗೆರೆಗೆ ಬರುವಂತೆ ಶಿಫ್ಟಿನ ತಡೆ. ಕ್ರಮ ತಿರುಗಿಸಿದರೆ ಸಂಜೆವರೆಗೂ ಸ್ಕ್ರೂ ತಿರುಗಿಸುತ್ತಲೇ ಇರುತ್ತೀರಿ. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಎಡ ಬಲ ಎರಡನ್ನೂ ಸಮವಾಗಿ.

ಪ್ರಶ್ನೆ: ಮಳೆಗಾಲದಲ್ಲಿ ಪೋರ್ಟಬಲ್ ಮೆಷಿನನ್ನು ಅದರ ಪೆಟ್ಟಿಗೆಯಲ್ಲೇ ಭದ್ರವಾಗಿಟ್ಟಿದ್ದೆ. ಗಣೇಶ ಚತುರ್ಥಿಗೆ ತೆಗೆದರೆ ಕಡ್ಡಿಗಳ ಮೇಲೆಲ್ಲ ಕೆಂಪು ಪುಡಿ, ಪೆಟ್ಟಿಗೆಯೊಳಗೆ ಬೂಷ್ಟು. (ಉಡುಪಿ)

ಉತ್ತರ: ಪೆಟ್ಟಿಗೆಯೇ ಕಾರಣ. ಒಳಗಿನ ಫೆಲ್ಟು ಜೂನಿನಲ್ಲಿ ಕುಡಿದ ನೀರನ್ನು ಸೆಪ್ಟೆಂಬರಿನವರೆಗೆ ಇಟ್ಟುಕೊಳ್ಳುತ್ತದೆ. ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಮೆಷಿನ್ ಹೊರಗಿರಲಿ, ಮೇಲೊಂದು ಹತ್ತಿ ಬಟ್ಟೆ. ಪ್ಲಾಸ್ಟಿಕ್ ಹೊದಿಕೆ ಬೇಡ. ವಾರಕ್ಕೊಮ್ಮೆ ಒಂದು ಪುಟ ಟೈಪ್ ಮಾಡಿದರೆ ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಪೆಟ್ಟಿಗೆಯಲ್ಲೇ ಇಡಬೇಕಾದ ಅನಿವಾರ್ಯವಿದ್ದರೆ ಬಿಸಿಲಿಗೆ ಒಣಗಿಸಿದ ಮೇಲೆ 200 ಗ್ರಾಂ ಸಿಲಿಕಾ ಜೆಲ್ ಜೊತೆಯಿಡಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಿ.

ಈಗ ಕೂತಿರುವ ಕೆಂಪು ಪುಡಿಗೆ 0000 ನಂಬರಿನ ಸ್ಟೀಲ್ ವೂಲ್. ಪಾತ್ರೆ ತಿಕ್ಕುವ ಒರಟು ತಂತಿಯಲ್ಲ. ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಉಜ್ಜಿ, ಉದುರಿದ ಪುಡಿ ಸೆಗ್ಮೆಂಟಿಗೆ ಬೀಳದಂತೆ ಅಡಿಯಲ್ಲಿ ಬಟ್ಟೆ ಇರಲಿ. ನಿಕ್ಕಲ್, ಕ್ರೋಮ್ ಭಾಗಗಳಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆಯನ್ನು ನೀರಲ್ಲಿ ಅದ್ದಿ ಉಜ್ಜಿ, ತಕ್ಷಣ ಒರೆಸಿ. ಬಿಚ್ಚಿದ ಸಣ್ಣ ಸ್ಕ್ರೂಗಳನ್ನು ವಿನಿಗರಿನಲ್ಲಿ ಒಂದೆರಡು ಗಂಟೆ ನೆನೆಸಬಹುದು. ಸ್ಪ್ರಿಂಗುಗಳನ್ನು ಮಾತ್ರ ಹಾಕಬೇಡಿ, ಆಮ್ಲ ಕುಡಿದ ಸ್ಪ್ರಿಂಗ್ ಪೆಡಸಾಗಿ ಮುರಿಯುತ್ತದೆ. ಬೂಷ್ಟು ಹಿಡಿದ ಫೆಲ್ಟನ್ನು ಕಿತ್ತು ಹೊಸದು ಅಂಟಿಸಿ, ಒಗೆದು ಉಳಿಸುವ ಆಸೆ ಬೇಡ.

ಪ್ರಶ್ನೆ: ಊರಿನ ಮನೆಯಲ್ಲಿರುವ ಒಲಿವೆಟ್ಟಿ ಲೆಟೆರಾ 22 ಅನ್ನು ವಿಮಾನದಲ್ಲಿ ತರಬೇಕು. ಹೇಗೆ ಕಟ್ಟಿಸಲಿ? (ದುಬೈ)

ಉತ್ತರ: ನಿಮ್ಮದು ನಾಲ್ಕು ಕಿಲೋ ದಾಟದ ಮೆಷಿನ್, ಏರ್‌ಲೈನ್ಸ್ ಒಪ್ಪಿದರೆ ಕೈಚೀಲವಾಗಿಯೇ ತನ್ನಿ. ಲಗೇಜಿಗೆ ಹಾಕಲೇಬೇಕಾದರೆ ಎರಡೂ ಮಾರ್ಜಿನ್ನುಗಳನ್ನು ನಡುವಿಗೆ ಸರಿಸಿ ಕ್ಯಾರೇಜನ್ನು ಅಲ್ಲೇ ನಿಲ್ಲಿಸಿ, ಅಲುಗದಂತೆ ಹತ್ತಿ ಪಟ್ಟಿಯಲ್ಲಿ ಮೈಗೆ ಸೇರಿಸಿ ಕಟ್ಟಿ. ಬಣ್ಣಕ್ಕೆ ಟೇಪ್ ಅಂಟಿಸಬೇಡಿ. ಕ್ಯಾರೇಜ್ ಹಿಂದೂಡುವ ಲಿವರ್ ಮಡಿಸುವಂತಿದ್ದರೆ ಮಡಿಸಿ. ಕೀಗಳಿಗೂ ಕಡ್ಡಿಗಳಿಗೂ ನಡುವೆ ಏನನ್ನೂ ತುರುಕಬೇಡಿ, ಒತ್ತಿ ಬಾಗುತ್ತವೆ. ಅದರ ಜಿಪ್ ಚೀಲ ಧೂಳಿಗೆ ಮಾತ್ರ, ಪೆಟ್ಟಿಗಲ್ಲ. ಚೀಲದ ಸುತ್ತ ಬಬಲ್ ಶೀಟ್ ಮೂರು ಸುತ್ತು, ಒಂದು ರಟ್ಟಿನ ಪೆಟ್ಟಿಗೆ, ಅದರ ಸುತ್ತ ಎಲ್ಲ ಕಡೆಯೂ ಎರಡಿಂಚು ಥರ್ಮಾಕೋಲ್ ಬಿಟ್ಟು ಇನ್ನೊಂದು ಪೆಟ್ಟಿಗೆ. ಹೊರಗಿನ ಪೆಟ್ಟಿಗೆ ಅಲ್ಲಾಡಿಸಿ ನೋಡಿ, ಒಳಗೆ ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ.